ಈಗ ಬಂತಾ?

ಆಂಟೆನಾ: ಈಗ ಬಂತಾ?

ಜೇನಕ್ಕ: ಹೋಯ್ತು!

ಆಂಟೆನಾ: ಬಂತಾ ಅಂತ ಕೇಳಿದ್ರೆ ಹೋಯ್ತು ಅಂತೀಯಲ್ಲ. ಬಂದಿದ್ರೆ ತಾನೇ ಹೋಗೋದು?

ಜೇನಕ್ಕ: ಈಗ ತಾನೇ ಇತ್ತು ರೀ! ಚೆನ್ನಾಗೇ ಇತ್ತು. ನಾನು ಕನ್ನಡಕ ಹುಡುಕಿ ತರೋಷ್ಟರಲ್ಲಿ ಹೋಯ್ತು.

ಆಂಟೆನಾ: ನೋಡಿದ್ಯಾ? ಹೋಗುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮೇಲೆ ಬಂದೆ.

ಮಧ್ಯಾಹ್ನ ಎರಡು ಗಂಟೆ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು, ಗಂಡ ಛಾವಣಿಯ ಅಂಚಿನಿಂದ ತಲೆ ಕೆಳಗೆ ಹಾಕಿ ಕೂಗುತ್ತಿದ್ದ. ಹಿತ್ತಲಿನಲ್ಲಿ ಇಪ್ಪತ್ತೆರಡು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದ ಅವಳು ಸುತ್ತಲಿನವರಿಗೆಲ್ಲ ಜೇನಕ್ಕ. ಒಂದು ಕಾಲದಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ನಡೆಸಿದ ಅವನು, ಕಂಡಕಂಡವರ ಛಾವಣಿ ಹತ್ತಿ ಆಂಟೆನಾ ತಿರುಗಿಸಿ ತಿರುಗಿಸಿ, ಕೊನೆಗೆ ತಾನೇ ಆಂಟೆನಾ ಎಂಬ ಹೆಸರು ಪಡೆದವನು. ಆಗ ಅವನು ಕಂಬ ಹಿಡಿದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಪಂದ್ಯ ಮುಗಿಯುವವರೆಗೂ ಯಾರದೋ ಮನೆಯ ಕಂಬ ಹಿಡಿದು ನಿಂತು, ಕೆಳಗಿನ ಗಲಾಟೆಯಿಂದಲೇ ಯಾರು ಗೆದ್ದರೆಂದು ತಿಳಿದುಕೊಂಡ ಸಂಜೆಗಳು ಎಷ್ಟೋ. ಆಮೇಲೆ ಕಾಲ ಬದಲಾಯಿತು, ಅಂಗಡಿ ಮುಚ್ಚಿತು. ಆರು ವರ್ಷ ಅವನನ್ನು ಯಾರೂ ಛಾವಣಿಗೆ ಕರೆಯಲಿಲ್ಲ. ಮೂರು ದಿನದ ಹಿಂದೆ ಉಪಗ್ರಹದ ಇಂಟರ್ನೆಟ್ ಡಬ್ಬ, ಛಾವಣಿಗೆ ಇಡುವ ಅದರ ತಟ್ಟೆ ಮನೆಗೆ ಬಂದದ್ದೇ ತಡ, ಮಂಡಿನೋವನ್ನು ಮರೆತು ಗಂಟೆಗೊಮ್ಮೆ ಏಣಿ ಹತ್ತತೊಡಗಿದ್ದ.

ಜೇನಕ್ಕ: ಅದನ್ನ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಲಿ? ಅದು ತಾನಾಗೇ ಉಪಗ್ರಹ ಹುಡುಕ್ಕೊಳ್ಳುತ್ತೆ.

ಆಂಟೆನಾ: ತಾನಾಗೇ ಹುಡುಕ್ಕೊಂಡು ಹೋಗೋಕೆ ಅದೇನು ನಿನ್ನ ಜೇನುನೊಣಾನಾ? ಮನುಷ್ಯ ಮಾಡಿದ ಸಾಮಾನು ಕಣೇ. ಮನುಷ್ಯನ ಕೈ ಬೇಕು.

ಜೇನಕ್ಕ: ಡಬ್ಬದ ಜೊತೆ ಬಂದ ಕಾಗದ ನೋಡಿದ್ರಾ? ಅದರಲ್ಲಿ ಒಂದು ಅಕ್ಷರ ಇಲ್ಲ, ಬರೀ ಮೂರು ಚಿತ್ರ. ಮೊದಲನೇದ್ರಲ್ಲಿ ತಟ್ಟೆ ಇಡ್ತಾನೆ. ಎರಡನೇದ್ರಲ್ಲಿ ಪ್ಲಗ್ ಹಾಕ್ತಾನೆ. ಮೂರನೇದ್ರಲ್ಲಿ ಏನ್ ಮಾಡ್ತಾನೆ ಹೇಳಿ?

ಆಂಟೆನಾ: ಏನ್ ಮಾಡ್ತಾನೆ?

ಜೇನಕ್ಕ: ಕುರ್ಚಿ ಮೇಲೆ ಕೂತಿರ್ತಾನೆ. ನಗ್ತಾ.

ಆಂಟೆನಾ: ಹಾಗೆ ಕೂತು ನಗೋನು ಗಿರಾಕಿ ಕಣೇ. ಕೆಲಸ ಮಾಡೋನ ಚಿತ್ರ ಅದರಲ್ಲಿ ಬರೆದೇ ಇಲ್ಲ. ಯಾಕೆ ಗೊತ್ತಾ? ಅವನು ಛಾವಣಿ ಮೇಲಿದಾನೆ.

ಮದುವೆಯಾದಾಗಿನಿಂದ ಹೀಗೇ: ತಪ್ಪು ಅವನದೇ ಇರುತ್ತಿತ್ತು, ಕೊನೆಯ ಮಾತೂ ಅವನದೇ ಇರುತ್ತಿತ್ತು. ಬೇರೆ ದಿನವಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದಳು. ಇವತ್ತು ಆಗುವಂತಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಅವಳ ಪಾಠವಿತ್ತು. ದೂರದ ಕೃಷಿ ತರಬೇತಿ ಕೇಂದ್ರದವರು ಜೇನು ಸಾಕಣೆ ಹೇಳಿಕೊಡುವವರನ್ನು ಹುಡುಕುತ್ತಿದ್ದರು. ಮನೆಯಲ್ಲಿ ಕೂತೇ, ಪರದೆಯ ಮೇಲೆ, ವಾರಕ್ಕೆ ಎರಡು ದಿನ. ಅದಕ್ಕೆ ಮೊದಲು ಇಪ್ಪತ್ತು ನಿಮಿಷದ ಒಂದು ಪಾಠ ಮಾಡಿ ತೋರಿಸಬೇಕು. ಮೊದಲ ಸಲ ಅವಳು ಅದನ್ನು ಸೇತುವೆಯ ಕಟ್ಟೆಯ ಮೇಲೆ ನಿಂತು ಮಾಡಿದ್ದಳು. ಗುಡ್ಡದ ಈಚೆಗಿರುವ ಹದಿಮೂರು ಮನೆಗಳಿಗೆ ಸಿಗ್ನಲ್ ಸಿಗುವುದು ಎರಡು ಕಿಲೋಮೀಟರ್ ಆಚೆಯ ಆ ಕಟ್ಟೆಯ ಮೇಲೆ ಮಾತ್ರ, ಅದೂ ನಿಂತರೆ, ಕೂತರೆ ಇಲ್ಲ. ಅವಳು ರಾಣಿ ಜೇನಿನ ವಿಷಯಕ್ಕೆ ಬಂದಾಗ ಮರಳಿನ ಲಾರಿ ಬಂತು, ಮೊಟ್ಟೆಯ ವಿಷಯಕ್ಕೆ ಬಂದಾಗ ಸಿಗ್ನಲ್ ಹೋಯಿತು. ಇನ್ನೊಂದು ಅವಕಾಶ ಕೊಡುತ್ತೇವೆ, ಆದರೆ ಅದೇ ಕೊನೆಯದು ಎಂದು ಕೇಂದ್ರದವರು ಬರೆದಿದ್ದರು. ಅದಕ್ಕೇ ಈ ತಟ್ಟೆ. ತಟ್ಟೆ ಎಂದು ಕರೆದರೂ ಅದು ಸ್ಲೇಟಿನ ಹಾಗೆ ಚೌಕವಾಗಿತ್ತು.

ಜೇನಕ್ಕ: ರೀ, ಫೋನಲ್ಲಿ ಮತ್ತೆ ಅದೇ ತೋರಿಸ್ತಿದೆ. ದುಂಡಗೆ ಆಕಾಶದ ಚಿತ್ರ ಇದೆ. ಅದರ ಮೇಲೆ ಒಂದು ಕೆಂಪು ಕಲೆ. ಈ ಸಲ ಆಕಾಶಕ್ಕೆ ಏನೋ ಅಡ್ಡ ಇದೆ ಅಂತ ಬೇರೆ ಬರೆದಿದೆ.

ಆಂಟೆನಾ: ಹಾಗೆ ಬಾ ದಾರಿಗೆ! ನಾನು ಮೊದಲ ದಿನದಿಂದ ಹೇಳ್ತಿದೀನಿ. ಮೇಷ್ಟ್ರ ಮರ!

ಜೇನಕ್ಕ: ಮೊದಲ ದಿನ ನೀರಿನ ಟ್ಯಾಂಕ್ ಅಂದ್ರಿ. ನಿನ್ನೆ ಮೋಡ ಅಂದ್ರಿ.

ಆಂಟೆನಾ: ಅವೆಲ್ಲ ಅನುಮಾನ. ಇದು ತೀರ್ಮಾನ. (ಬೇಲಿಯ ಕಡೆಗೆ ತಿರುಗಿ, ಗಂಟಲು ಹರಿಯುವಂತೆ) ಮೇಷ್ಟ್ರೇ! ಓ ಮೇಷ್ಟ್ರೇ! ಕೊಡಲಿ ಇದೆಯಾ ನಿಮ್ಮನೇಲಿ?

ಬೇಲಿಯಾಚೆಯ ಮನೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರೇ ಇದ್ದರು. ಚದುರಂಗ ಆಡಲು ಜೊತೆ ಸಿಗದೆ ಹನ್ನೊಂದು ವರ್ಷದಿಂದ ತಮ್ಮ ವಿರುದ್ಧ ತಾವೇ ಆಡುತ್ತಿದ್ದರು, ಸೋತ ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದರು. ಅವರ ಅಂಗಳದಲ್ಲಿ ಒಂದು ನೀಲಗಿರಿ ಮರ ಆಕಾಶಕ್ಕೆ ಏರಿ ನಿಂತಿತ್ತು. ಕೂಗು ಕೇಳಿ ಅವರು ಕೈಯಲ್ಲಿ ಕುದುರೆ ಕಾಯಿ ಹಿಡಿದುಕೊಂಡೇ ಬೇಲಿ ದಾಟಿ ಬಂದರು.

ಮೇಷ್ಟ್ರು: ಕೊಡಲಿ ಯಾಕಪ್ಪಾ?

ಆಂಟೆನಾ: ನಿಮ್ಮ ಮರ ಕಡಿಯೋಕೆ.

ಮೇಷ್ಟ್ರು: ನನ್ನ ಮರ ಕಡಿಯೋಕೆ ನನ್ನ ಕೊಡಲೀನೇ ಬೇಕಾ? ಭಲೇ!

ಜೇನಕ್ಕ: ಅಯ್ಯೋ ಮೇಷ್ಟ್ರೇ, ಪೂರ್ತಿ ಮರ ಅಲ್ಲ. ಇವರಿಗೆ ಮಾತಾಡೋಕೆ ಬರಲ್ಲ. ಒಂದೆರಡು ಕೊಂಬೆ ಆಕಾಶಕ್ಕೆ ಅಡ್ಡ ಬಂದಿವೆಯಂತೆ.

ಮೇಷ್ಟ್ರು: ಆಕಾಶಕ್ಕೆ ಅಡ್ಡಾನಾ? ನಾನು ಕೆಲಸಕ್ಕೆ ಸೇರಿದ ವರ್ಷ ನೆಟ್ಟಿದ್ದು ತಂಗಿ, ಅದು. ಮೂವತ್ತೆಂಟು ವರ್ಷ ಮಕ್ಕಳು ಅದರ ಕೆಳಗೆ ಕೂತು ಮಗ್ಗಿ ಹೇಳಿದಾರೆ. ಆಗೆಲ್ಲ ಆಕಾಶ ದೂರು ಕೊಡಲಿಲ್ಲ. ಈಗ ಮೂರು ದಿನದ ಒಂದು ತಟ್ಟೆ ದೂರು ಕೊಡುತ್ತಾ? ಬೇಕಾದ್ರೆ ನನ್ನ ತಲೆ ಮೇಲೆ ಕೊಡಲಿ ಹಾಕಿ. ಮರದ ಒಂದು ಎಲೆ ಮುಟ್ಟೋಕೆ ಬಿಡಲ್ಲ.

ಆಂಟೆನಾ: ನಿಮ್ಮ ತಲೆ ಅಡ್ಡ ಬಂದಿಲ್ಲ ಮೇಷ್ಟ್ರೇ, ಬಂದಿದ್ರೆ ಯೋಚಿಸಬಹುದಿತ್ತು.

ಮೇಷ್ಟ್ರು: ಅಲ್ಲಯ್ಯಾ, ನಿಂಗೆ ಈ ಇಂಟರ್ನೆಟ್ ಯಾತಕ್ಕೆ? ಪೇಪರ್ ಬರುತ್ತೆ, ರೇಡಿಯೋ ಇದೆ. ಇಷ್ಟು ವರ್ಷ ನಾವು ಬದುಕಲಿಲ್ವಾ?

ಜೇನಕ್ಕ: ಬೇಕಾಗಿರೋದು ಅವರಿಗಲ್ಲ ಮೇಷ್ಟ್ರೇ, ನನಗೆ. ನಾಲ್ಕು ಗಂಟೆಗೆ ಪಾಠ ಇದೆ. ಇವತ್ತು ತಪ್ಪಿದ್ರೆ ಮುಗೀತು. ಮೂವತ್ತು ವರ್ಷ ಆ ನೊಣಗಳ ಕೈಲಿ ಕಚ್ಚಿಸ್ಕೊಂಡು ಕಲ್ತಿದ್ದು ನಂಜೊತೆನೇ ಮಣ್ಣಾಗುತ್ತೆ.

ಅವಳ ದನಿ ಸಣ್ಣಗಾಯಿತು. ಮೇಷ್ಟ್ರಿಗೆ ಪಾಠ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆನ್ನು ನೆಟ್ಟಗಾಯಿತು. ಅವರು ಕುದುರೆಯನ್ನು ಜೇಬಿಗೆ ಹಾಕಿ ಕನ್ನಡಕ ಏರಿಸಿಕೊಂಡರು.

ಮೇಷ್ಟ್ರು: ಎಲ್ಲಿ, ಆ ಚಿತ್ರ ತೋರಿಸು. ಯಾವಾಗಲೂ ಕಲೆ ಇಲ್ಲೇ ಇರುತ್ತಾ?

ಜೇನಕ್ಕ: ಅದೆಲ್ಲ ನನ್ನ ಪುಸ್ತಕದಲ್ಲಿದೆ, ತಾಳಿ.

ಜೇನಕ್ಕನಿಗೆ ಒಂದು ಅಭ್ಯಾಸವಿತ್ತು. ಪ್ರತಿ ಸಲ ಪೆಟ್ಟಿಗೆ ತೆರೆದಾಗಲೂ ಪುಸ್ತಕದಲ್ಲಿ ಜೇನು ಕಟ್ಟಿದ ಮೇಣದ ಎರಿಯ ಚಿತ್ರ ಬರೆದು, ಮೊಟ್ಟೆ ಎಲ್ಲಿ, ತುಪ್ಪ ಎಲ್ಲಿ, ಖಾಲಿ ಎಲ್ಲಿ ಎಂದು ಗುರುತು ಹಾಕಿ, ತೆರೆದ ಹೊತ್ತು, ಮುಚ್ಚಿದ ಹೊತ್ತು ಬರೆಯುವುದು. ಮೂರು ದಿನದಿಂದ ಅದೇ ಕೈ ಆಕಾಶವನ್ನೂ ಎರಿಯ ಹಾಗೇ ಬರೆದಿಟ್ಟಿತ್ತು. ಇಪ್ಪತ್ತಮೂರನೇ ಪೆಟ್ಟಿಗೆ ಎಂಬ ತಲೆಬರಹದ ಕೆಳಗೆ ಸಾಲಾಗಿ ಹನ್ನೊಂದು ದುಂಡು ಆಕಾಶಗಳು, ಒಂದೊಂದರಲ್ಲೂ ಒಂದೊಂದು ಕೆಂಪು ಕಲೆ.

ಮೇಷ್ಟ್ರು: ನಿನ್ನೆ ಬೆಳಗ್ಗೆ ಏಳೂ ಹತ್ತಕ್ಕೆ ಹೋಯ್ತು, ಏಳೂ ಇಪ್ಪತ್ತೈದಕ್ಕೆ ಬಂತು. ಕಲೆ ಎಡಗಡೆ. ಒಂಬತ್ತೂವರೆಗೆ ಹೋಯ್ತು. ಕಲೆ ಬಲಗಡೆ. ಸಂಜೆ ಕಲೆ ನಡುಮಧ್ಯ. ಇವತ್ತು ಮತ್ತೆ ಎಡಗಡೆ. (ಪುಸ್ತಕ ಮಡಚಿ) ತಂಗಿ, ನನ್ನ ಮರಕ್ಕೆ ಕಾಲಿಲ್ಲ.

ಜೇನಕ್ಕ: ಅಂದ್ರೆ?

ಮೇಷ್ಟ್ರು: ಅಂದ್ರೆ, ಈ ಕಲೆ ಓಡಾಡುತ್ತೆ. ನೆಟ್ಟಾಗಿನಿಂದ ನನ್ನ ಮರ ಒಂದು ಹೆಜ್ಜೆ ಇಟ್ಟಿಲ್ಲ. ನಿಮ್ಮ ಮನೆ ಛಾವಣಿ ಮೇಲೆ ಓಡಾಡೋ ವಸ್ತು ಯಾವುದಿದೆ, ನೀನೇ ಯೋಚನೆ ಮಾಡು.

ಇಬ್ಬರೂ ನಿಧಾನವಾಗಿ ತಲೆ ಎತ್ತಿದರು. ಛಾವಣಿಯ ಮೇಲೆ ಆಂಟೆನಾ ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ತಟ್ಟೆಯ ಮೇಲೆ ಇಟ್ಟುಕೊಂಡು, ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿದ್ದ.

ಆಂಟೆನಾ: ಏನು ಹಾಗೆ ನೋಡ್ತಿದೀರಾ?

ಜೇನಕ್ಕ: ರೀ, ಒಂದು ನಿಮಿಷ ಕೆಳಗೆ ಬನ್ನಿ.

ಆಂಟೆನಾ: ಕೈ ಬಿಟ್ರೆ ಹೋಗುತ್ತೆ.

ಜೇನಕ್ಕ: ಈಗಾಗಲೇ ಹೋಗಿದೆ. ಇನ್ನು ಹೋಗೋಕೆ ಏನುಳಿದಿದೆ? ಇಳೀರಿ.

ಆಂಟೆನಾ ಗೊಣಗುತ್ತ ಇಳಿದ. ಅವನ ಕಾಲು ನೆಲ ಮುಟ್ಟಿ ಸ್ವಲ್ಪ ಹೊತ್ತಿನಲ್ಲಿ ಫೋನಿನ ಮೂಲೆಯಲ್ಲಿ ಹಸಿರು ದೀಪ ಹತ್ತಿತು.

ಜೇನಕ್ಕ: ಬಂತು!

ಆಂಟೆನಾ: ಬಂತಲ್ವಾ? ನೋಡು, ಅಷ್ಟು ಹೊತ್ತು ಹಿಡ್ಕೊಂಡಿದ್ದಕ್ಕೆ ಬಂತು. ಇರು, ಭದ್ರ ಮಾಡಿ ಬರ್ತೀನಿ.

ಅವನು ಮತ್ತೆ ಹತ್ತಿದ. ದೀಪ ಕೆಂಪಾಯಿತು. ಇಳಿದ. ಹಸಿರಾಯಿತು. ಇದು ಕಾಕತಾಳೀಯ ಎಂದು ಸಾಬೀತು ಮಾಡಲು ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿದ. ಐದನೆಯ ಸಲ ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ.

ಆಂಟೆನಾ: ಅಂದ್ರೆ ಅಡ್ಡ ಇದ್ದಿದ್ದು ನಾನು.

ಮೇಷ್ಟ್ರು: (ತೀರ್ಪು ಕೊಡುವವರಂತೆ) ನೀನೇ. ಕೊಡಲಿ ಬೇಕಾ?

ಜೇನಕ್ಕನಿಗೆ ನಗು ಉಕ್ಕಿ ಬಂತು, ಆದರೆ ಗಂಡನ ಮುಖ ನೋಡಿ ಅರ್ಧಕ್ಕೇ ನಿಂತಿತು.

ಆಂಟೆನಾ: ಮೊದಲೆಲ್ಲ ನಾನು ಮುಟ್ಟಿದ್ರೆ ಬರ್ತಿತ್ತು. ಈಗ ನಾನು ದೂರ ಹೋದ್ರೆ ಬರುತ್ತೆ. (ಅಂಗೈ ನೋಡಿಕೊಂಡು) ಚೆನ್ನಾಗಿದೆ ಬಿಡು. ನಾನು ಮನೇಲಿ ಇಲ್ದೆ ಇದ್ರೆ ಇನ್ನೂ ಜೋರಾಗಿ ಬರ್ಬಹುದು. ಹೋಗಿ ಸೇತುವೆ ಕಟ್ಟೆ ಮೇಲೆ ಕೂತಿರ್ಲಾ?

ಅವನು ತಮಾಷೆಗೆ ಹೇಳಿದ ಹಾಗಿತ್ತು, ಆದರೆ ತಮಾಷೆಯಲ್ಲ. ಮೂರು ದಿನ ಈ ಮನುಷ್ಯ ಛಾವಣಿಯ ಮೇಲೆ ಶಿಳ್ಳೆ ಹಾಕುತ್ತಿದ್ದ. ಆರು ವರ್ಷದಲ್ಲಿ ಅವಳು ಆ ಶಿಳ್ಳೆ ಕೇಳಿರಲಿಲ್ಲ. ಅದೂ ಅಲ್ಲದೆ, ಸುಮ್ಮನೆ ಕೂರಿಸಿದರೆ ಸರಿಯಾಗಿ ನಾಲ್ಕು ಗಂಟೆಗೆ ಯಾವುದೋ ನೆಪ ತೆಗೆದು ಇವನು ಮತ್ತೆ ಏಣಿ ಹತ್ತುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಕನಿಕರ ಮತ್ತು ಮುಂಜಾಗ್ರತೆ ಎರಡೂ ಸೇರಿ ಅವಳ ಬಾಯಲ್ಲಿ ಒಂದು ಸುಳ್ಳಾಯಿತು.

ಜೇನಕ್ಕ: ಎಲ್ಲಿಗೂ ಹೋಗ್ಬೇಡಿ. ನಿಮಗೆ ಬೇರೆ ಕೆಲಸ ಇದೆ. ಈ ತಟ್ಟೆಗೆ ಆಕಾಶ ನೋಡೋದಷ್ಟೇ ಗೊತ್ತು. ಮಾತು ಸ್ಪಷ್ಟವಾಗಿ ಬರಬೇಕಾದ್ರೆ ಪಕ್ಕದಲ್ಲಿ ಇನ್ನೊಂದು ಇರಬೇಕಂತೆ. ನಿಮ್ಮ ಹಳೇ ಆಂಟೆನಾ ಇದೆಯಲ್ಲ, ಅಂಥದ್ದೇ.

ಆಂಟೆನಾ: ಯಾರಂದ್ರು?

ಜೇನಕ್ಕ: ಫೋನಲ್ಲಿ ಬಂದಿತ್ತು. ಅಲ್ವಾ ಮೇಷ್ಟ್ರೇ?

ಮೇಷ್ಟ್ರು ಜೀವನದಲ್ಲಿ ಸುಳ್ಳು ಹೇಳಿದವರಲ್ಲ. ಹೇಳುವ ಸಂದರ್ಭ ಬಂದಾಗಲೆಲ್ಲ ಕೆಮ್ಮುತ್ತಿದ್ದರು. ಈಗಲೂ ಕೆಮ್ಮಿದರು.

ಮೇಷ್ಟ್ರು: ಹೌದು. ಹ್ಞಾಂ. ನಾನೂ ಓದಿದೀನಿ. ಪುಸ್ತಕದಲ್ಲಿ.

ಆಂಟೆನಾ: ಯಾವ ಪುಸ್ತಕ?

ಮೇಷ್ಟ್ರು: ದಪ್ಪದು.

ಆಂಟೆನಾ ಹೆಂಡತಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಮಂಚದ ಕೆಳಗಿನಿಂದ ಹಳೆಯ ಆಂಟೆನಾ ಎಳೆದು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಏಣಿ ಹಿಡಿದು, ಹಿತ್ತಲಿನ ಷೆಡ್ಡಿನ ಕಡೆ ನಡೆದ. ಖಾಲಿ ಜೇನುಪೆಟ್ಟಿಗೆ ಇಡುವ ಆ ಷೆಡ್ಡು ಮನೆಗಿಂತ ಆಳೆತ್ತರ ತಗ್ಗು. ಅಲ್ಲಿ ನಿಂತು ಕುಣಿದರೂ ತಟ್ಟೆಗೆ ಕಾಣುವಂತಿರಲಿಲ್ಲ.

ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ಜೇನಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಫೋನನ್ನು ಜೇನುತುಪ್ಪದ ಬಾಟಲಿಗೆ ಒರಗಿಸಿದಳು. ಎದುರಿಗೆ ಎರಿ ಕಟ್ಟಿದ ಚೌಕಟ್ಟು, ಹೊಗೆ ಹಾಕುವ ಡಬ್ಬಿ, ಕೈಗವಸು. ಮೇಷ್ಟ್ರು ಪರದೆಗೆ ಕಾಣದಂತೆ ಬಾಗಿಲ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡರು. ಪಾಠ ನೋಡುವ ನೆಪದಲ್ಲಿ ಅವರ ಕಣ್ಣು ಫೋನಿನ ಮೇಲೇ ಇತ್ತು. ಹಸಿರು ದೀಪ ಅಲುಗಾಡದೆ ಉರಿಯುತ್ತಿತ್ತು.

ಪರದೆಯಲ್ಲಿ ಮೂರು ಮುಖ ಮೂಡಿದವು. ನಡುವಿನ ಮೇಡಂ ನಕ್ಕು, ಶುರು ಮಾಡಿ ಎಂದರು.

ಜೇನಕ್ಕ: ನಮಸ್ಕಾರ. ಜೇನು... ಜೇನುಗೂಡಿನಲ್ಲಿ...

ಅಷ್ಟಕ್ಕೇ ನಿಂತಿತು. ಹತ್ತು ಸಾವಿರ ನೊಣಗಳ ಮುಂದೆ ಬರಿಗೈಯಲ್ಲಿ ನಿಲ್ಲುವವಳಿಗೆ ಈ ಮೂರು ಮುಖಗಳ ಮುಂದೆ ಒಂದು ವಾಕ್ಯ ಮುಗಿಸಲಾಗಲಿಲ್ಲ. ಬಾಯಿಪಾಠ ಮಾಡಿಕೊಂಡಿದ್ದ ಮೊದಲ ಮಾತೇ ಹಾರಿಹೋಗಿತ್ತು. ಮೂಲೆಯಲ್ಲಿ ಮೇಷ್ಟ್ರು ತಮ್ಮದೇ ಶಾಲೆಯ ಮಗು ಮಗ್ಗಿ ಮರೆತಂತೆ ತುಟಿ ಆಡಿಸುತ್ತಿದ್ದರು.

ಮೇಡಂ: ಕೇಳಿಸ್ತಿದೆಯಾ? ನಿಮ್ಮ ಕಡೆ ಇಂಟರ್ನೆಟ್ ತೊಂದರೆ ಇದೆಯಾ?

ಆಂಟೆನಾ: (ಹಿತ್ತಲಿನಿಂದ, ದೊಡ್ಡ ದನಿಯಲ್ಲಿ) ಈಗ ಬಂತಾ?

ಜೇನಕ್ಕ: (ಇಪ್ಪತ್ತೈದು ವರ್ಷದ ರೂಢಿಯಿಂದ, ಅದಕ್ಕಿಂತ ದೊಡ್ಡ ದನಿಯಲ್ಲಿ) ಬಂತು ರೀ! ಹಾಗೇ ಇರ್ಲಿ! ಮುಟ್ಬೇಡಿ ಅಂದೆ!

ಮೇಡಂ ಬೆಚ್ಚಿ ಹಿಂದಕ್ಕೆ ಸರಿದರು. ಆದರೆ ಜೇನಕ್ಕನ ಗಂಟಲು ತೆರೆದಿತ್ತು. ಗಂಡನನ್ನು ಗದರಿದ ದನಿ ಇನ್ನೂ ಬಾಯಲ್ಲೇ ಇರುವಾಗ ಅದೇ ದನಿಯಲ್ಲಿ ಪಾಠ ಶುರುವಾಯಿತು.

ಜೇನಕ್ಕ: ನೋಡಿ, ಮೊದಲ ಮಾತು. ಪೆಟ್ಟಿಗೆ ತೆರೆಯೋ ಮುಂಚೆ ಹೊರಗೆ ನಿಂತು ಐದು ನಿಮಿಷ ಸುಮ್ಮನೆ ಕೇಳಿ. ಗೂಡು ಗುಂಯ್ ಅಂತ ಒಂದೇ ಸಮ ಇದ್ರೆ ಎಲ್ಲ ಸರಿಯಾಗಿದೆ ಅಂತ. ಗೋಳಿಟ್ಟ ಹಾಗಿದ್ರೆ ರಾಣಿ ಇಲ್ಲ ಅಂತ. ತೆಗೆದು ನೋಡೋ ಅಗತ್ಯಾನೇ ಇಲ್ಲ. ಎಷ್ಟೋ ಜನ ಕೈ ಸುಮ್ಮನಿರದೆ ದಿನಾ ತೆಗೀತಾರೆ. ಚೆನ್ನಾಗಿರೋ ಗೂಡನ್ನ ಕೆಡಿಸೋರು ಅವರೇ.

ಮೇಡಂ: (ಬರೆದುಕೊಳ್ಳುತ್ತ) ಒಳ್ಳೇ ಮಾತು. ಗಂಡು ನೊಣಗಳ ಕೆಲಸ ಏನು, ಸ್ವಲ್ಪ ಹೇಳಿ?

ಆಂಟೆನಾ: ಇನ್ನೊಂಚೂರು ಎಡಕ್ಕೆ ತಿರುಗಿಸ್ಲಾ?

ಜೇನಕ್ಕ: ಬೇಡ! (ಪರದೆಗೆ) ಹೆಚ್ಚಿನ ಕೆಲಸ ಏನಿಲ್ಲ ಮೇಡಂ. ಗದ್ದಲ ಮಾತ್ರ ಜಾಸ್ತಿ. ಆದ್ರೆ ಅವು ಇಲ್ಲದ ಗೂಡು ಲಕ್ಷಣವಾಗಿರಲ್ಲ.

ಮೇಡಂ: ಅದು ಯಾರು, ಆಗಾಗ ಮಾತಾಡ್ತಿರೋದು?

ಜೇನಕ್ಕ: ಅವರಾ? ನಮ್ಮ ತಾಂತ್ರಿಕ ವಿಭಾಗ.

ಮೂಲೆಯಲ್ಲಿ ಮೇಷ್ಟ್ರಿಗೆ ಕೆಮ್ಮು ಬಂತು.

ಹದಿನಾಲ್ಕನೆಯ ನಿಮಿಷದಲ್ಲಿ, ರಾಣಿಯನ್ನು ಗುರುತಿಸುವುದು ಹೇಗೆಂದು ತೋರಿಸುತ್ತಿರುವಾಗ, ಮೇಡಂ ಮುಖ ಅರ್ಧ ಬಾಯಿ ತೆರೆದ ಹಾಗೇ ಕಲ್ಲಾಗಿ ನಿಂತಿತು. ಜೇನಕ್ಕ ಎದ್ದು ಕಿಟಕಿಯಿಂದ ಮನೆಯ ಛಾವಣಿ ನೋಡಿದಳು, ಯಾರೂ ಇಲ್ಲ. ಹಸಿರು ದೀಪ ಹಾಗೇ ಇತ್ತು.

ಮೇಡಂ: (ತುಂಡು ತುಂಡಾಗಿ) ಕ್ಷಮಿಸಿ... ನಿಮ್ಮದು ಸರಿ ಇದೆ... ನಮ್ಮ ಕಡೆಯದೇ ಹೋಗ್ತಿದೆ. ಬೆಳಗಿಂದ ಹೀಗೇ. ನಿಮ್ಮ ತಾಂತ್ರಿಕ ವಿಭಾಗದವರನ್ನ... ಕೇಳ್ತೀರಾ, ಏನು ಮಾಡ್ಬೇಕು ಅಂತ?

ಜೇನಕ್ಕ: (ಕಿಟಕಿಯಿಂದ) ರೀ! ಅವರ ಕಡೆ ಹೋಗ್ತಿದೆಯಂತೆ! ಏನ್ ಮಾಡ್ಬೇಕು ಅಂತ ಕೇಳ್ತಿದಾರೆ!



ಆಂಟೆನಾ: ಯಾರಾದ್ರೂ ಅಡ್ಡ ನಿಂತಿದಾರಾ ನೋಡಿ ಅನ್ನು!

ಆ ಕಡೆ ಕುರ್ಚಿ ಸರಿದ ಸದ್ದು, ಪಿಸುಮಾತು, ಬಾಗಿಲಿನ ಸದ್ದು. ಮೇಡಂ ಮುಖಕ್ಕೆ ಮತ್ತೆ ಜೀವ ಬಂತು.

ಮೇಡಂ: (ದನಿ ತಗ್ಗಿಸಿ) ಹೇಗೆ ಗೊತ್ತಾಯ್ತು ಅವರಿಗೆ? ನಮ್ಮ ನಿರ್ದೇಶಕರು ಬೆಳಗಿಂದ ಇಂಟರ್ನೆಟ್ ಡಬ್ಬದ ವೈರು ತುಳ್ಕೊಂಡು ಅದರ ಮುಂದೇನೇ ನಿಂತಿದ್ರು. ಹೋಗದ ಹಾಗೆ ನೋಡ್ಕೋತಿದೀನಿ ಅಂತ. ಈಗ ಆ ಕಡೆ ಕೂರಿಸಿದೀವಿ.

ಪಾಠ ಮುಗಿಯಿತು. ಮೂವರೂ ತಲೆ ಒಂದುಗೂಡಿಸಿ ಏನೋ ಮಾತಾಡಿಕೊಂಡರು. ಮುಂದಿನ ತಿಂಗಳಿಂದ ತರಗತಿ ನಿಮ್ಮದೇ ಎಂದು ಮೇಡಂ ಹೇಳಿದಾಗ ಜೇನಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮೇಷ್ಟ್ರು ಮಾತ್ರ ಫೋನಿನ ಹತ್ತಿರವೇ ನಿಂತು, ಇದರಲ್ಲಿ ದೂರದವರ ಜೊತೆ ಚದುರಂಗವನ್ನೂ ಆಡಬಹುದಾ ಎಂದು ಬಲು ಉದಾಸೀನದಿಂದ ಕೇಳಿದರು. ಆಡಬಹುದು ಎಂದಾಗ, ಹೌದಾ, ಎಂದು ಹೇಳಿ ಮನೆ ಕಡೆ ಹೊರಟುಹೋದರು.

ಜೇನಕ್ಕ ಚಹಾ ಲೋಟ ಹಿಡಿದು ಷೆಡ್ಡಿನ ಏಣಿ ಹತ್ತಿದಳು. ಮೇಲೆ ಆಂಟೆನಾ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ. ಹಳೆಯ ಆಂಟೆನಾ ಅವನ ಕಾಲ ಬಳಿ ಅಡ್ಡಡ್ಡ ಮಲಗಿತ್ತು. ಅದರ ವೈರಿಗೆ ಆರು ವರ್ಷದ ಹಿಂದೆ ಕಟ್ಟಿದ ದಾರದ ಗಂಟು ಕೂಡ ಬಿಚ್ಚಿರಲಿಲ್ಲ.

ಜೇನಕ್ಕ: ಅಯ್ಯೋ! ಇದನ್ನ ಎತ್ತಿ ನಿಲ್ಲಿಸಲೇ ಇಲ್ವಾ? ಎಡಕ್ಕೆ ತಿರುಗಿಸ್ಲಾ ಅಂತ ಕೂಗ್ತಿದ್ರಿ!

ಆಂಟೆನಾ: ಬೇಡ ಅಂದೆಯಲ್ಲ. ತಿರುಗಿಸಲಿಲ್ಲ.

ಜೇನಕ್ಕ: ನಿಮಗೆ ಗೊತ್ತಿತ್ತು.

ಆಂಟೆನಾ: ಆ ಡಬ್ಬಕ್ಕೆ ಈ ವೈರು ಸಿಕ್ಕಿಸೋಕೆ ತೂತೇ ಇಲ್ಲ ಕಣೇ. ಜೀವಮಾನ ಎಲ್ಲ ರಿಪೇರಿ ಮಾಡ್ದೋನಿಗೆ ಅಷ್ಟೂ ತಿಳಿಯಲ್ವಾ?

ಜೇನಕ್ಕ: ಮತ್ತೆ ಯಾಕೆ ಒಪ್ಕೊಂಡ್ರಿ?

ಆಂಟೆನಾ: ಮೇಷ್ಟ್ರು ಮೊದಲನೇ ಸಲ ಸುಳ್ಳು ಹೇಳ್ತಿದ್ರು. ಬೇಜಾರು ಮಾಡಬಾರದು ಅನ್ನಿಸ್ತು. (ಚಹಾ ಗುಟುಕರಿಸಿ) ಆಮೇಲೆ, ಕಿಟಕಿ ಕಡೆಯಿಂದ ನಿನ್ನ ದನಿ ಕೇಳಿಸಲಿಲ್ಲ. ಹೆದರಿದೀಯ ಅಂತ ಗೊತ್ತಾಯ್ತು. ನಾನು ಕೂಗಿದ್ರೆ ನನ್ನ ಬೈಯೋಕಾದ್ರೂ ಬಾಯಿ ತೆಗೀತೀಯಲ್ಲ, ಅದಕ್ಕೆ ಕೂಗಿದೆ.

ಇಷ್ಟು ವರ್ಷದಲ್ಲಿ ಈ ಮನುಷ್ಯನ ಕೊನೆಯ ಮಾತು ಜೇನಕ್ಕನಿಗೆ ಹಿತವಾದದ್ದು ಇದೇ ಮೊದಲು. ಅವನ ಪಕ್ಕ ಕೂರಲು ಇನ್ನೊಂದು ಬಕೆಟ್ ಇರಲಿಲ್ಲ, ನಿಂತೇ ಇದ್ದಳು.

ಜೇನಕ್ಕ: ಅಷ್ಟು ಹೊತ್ತು ಒಬ್ರೇ ಏನ್ ಮಾಡ್ತಿದ್ರಿ?

ಆಂಟೆನಾ: ಮೂರನೇ ಚಿತ್ರದಲ್ಲಿರೋ ಹಾಗೆ ಕೂತಿದ್ದೆ.

ಅಷ್ಟರಲ್ಲಿ ಕೆಳಗೆ ಯಾರೋ ಕೆಮ್ಮಿದರು. ಮೇಷ್ಟ್ರು. ಕೈಯಲ್ಲಿ ಕುದುರೆ ಕಾಯಿ ಇರಲಿಲ್ಲ, ಗರಗಸವಿತ್ತು.

ಮೇಷ್ಟ್ರು: ನೀವು ಇಳಿದ ಮೇಲೆ ಆ ಏಣಿ ಸ್ವಲ್ಪ ಬೇಕಿತ್ತು.

ಆಂಟೆನಾ: ಯಾಕೆ ಮೇಷ್ಟ್ರೇ?

ಮೇಷ್ಟ್ರು: ಏನಿಲ್ಲ. ಮರದ ಒಂದೆರಡು ಕೊಂಬೆ ತೆಗೀಬೇಕು. ನಾನೂ ಒಂದು ತಟ್ಟೆ ತರಿಸೋಣ ಅಂತಿದೀನಿ.

ಜೇನಕ್ಕ: ಒಂದು ಎಲೆ ಮುಟ್ಟೋಕೆ ಬಿಡಲ್ಲ ಅಂದ್ರಿ! ಮರಕ್ಕೆ ಕಾಲಿಲ್ಲ ಅಂದ್ರಿ!

ಮೇಷ್ಟ್ರು: ಅದೇ ತೊಂದರೆ ತಂಗಿ. ನನ್ನ ಛಾವಣಿಗೆ ಸರಿಯಾಗಿ ಅಡ್ಡ ನಿಂತಿದೆ. ಕಾಲಿದ್ದಿದ್ರೆ ಆ ಕಡೆ ಹೋಗು ಅಂತ ಹೇಳಬಹುದಿತ್ತು.

ಆಂಟೆನಾ ದಿಗ್ಗನೆ ಎದ್ದ. ಬಕೆಟ್ ಉರುಳಿಹೋಯಿತು. ಅವನ ಮುಖ ಮೂರು ದಿನದ ಹಿಂದಿನಂತೆ ಅರಳಿತ್ತು.

ಆಂಟೆನಾ: ಕೊಂಬೆ ಆಮೇಲೆ ಮೇಷ್ಟ್ರೇ! ಮೊದಲು ನಿಮ್ಮ ಛಾವಣಿ ಹತ್ತಿ ನಾನೊಂದ್ಸಲ ನೋಡ್ತೀನಿ. ಗಾಳಿ ಯಾವ ಕಡೆ, ತಿರುವು ಯಾವ ಕಡೆ, ಎಲ್ಲ ಲೆಕ್ಕ ಇದೆ!

ಹೇಳುತ್ತಲೇ ಏಣಿಯ ಅರ್ಧ ಇಳಿದಾಗಿತ್ತು. ಜೇನಕ್ಕ ಸೆರಗಿನ ಗಂಟಿನಿಂದ ಮಡಚಿದ್ದ ಆ ಚಿತ್ರದ ಕಾಗದ ತೆಗೆದು ಮೇಲಿನಿಂದಲೇ ಮೇಷ್ಟ್ರಿಗೆ ಎಸೆದಳು.

ಜೇನಕ್ಕ: ಮೇಷ್ಟ್ರೇ, ಇದನ್ನ ಜೋಪಾನವಾಗಿ ಇಟ್ಕೊಳ್ಳಿ. ಇದರಲ್ಲಿ ನಾಲ್ಕನೇ ಚಿತ್ರ ಬರೆಯೋಕೆ ಮರ್ತಿದಾರೆ.

ಮೇಷ್ಟ್ರು: ಯಾವುದು?

ಜೇನಕ್ಕ: ಏಣಿ ಒಳಗಿಟ್ಟು ಬೀಗ ಹಾಕೋದು.